ನಿಪ್ಪಾಣಿ ಕಡೆ ತಡೆ, ರಾಯಬಾಗ ಕಡೆ ಒದೆ

ನನಗೆ ಕರಾಟೆ ಬರುತ್ತದೆ! ನಂಬಬೇಕು. 2004ರಲ್ಲಿ ಚಿಕ್ಕೋಡಿಯ ಮೈದಾನದಲ್ಲಿ ಬಾಬು ಮಾಸ್ತರರ ಕೈಕೆಳಗೆ ಹಳದಿ ಪಟ್ಟಿಯವರೆಗೆ ಏರಿದವನು ನಾನು. ಹೆಂಡತಿಗೆ ಮಾತ್ರ ಕಪ್ಪು ಪಟ್ಟಿ ಎಂದು ಹೇಳಿದ್ದೆ. ಮದುವೆಯಾದ ವರ್ಷವೇ ಅವಳು ಟ್ರಂಕಿನಲ್ಲಿ ಹಳದಿಯದನ್ನು ಕಂಡಳು. ಅದನ್ನು ಹಾಸಿಗೆ ಸುತ್ತಿ ಕಟ್ಟಲು ಇಟ್ಟುಕೊಂಡಳು.

ಮಾಸ್ತರರು ಮೂರು ತಿಂಗಳು ನಮಸ್ಕಾರ ಮಾಡುವುದು, ಏಟು ತಡೆಯುವುದು ಬಿಟ್ಟು ಬೇರೇನೂ ಕಲಿಸಲಿಲ್ಲ. ಒದೆಯುವ ಆಸೆಯಿಂದ ಬಂದಿದ್ದ ನಲವತ್ತು ಜನರಲ್ಲಿ ಆರು ಮಂದಿ ಉಳಿದೆವು.

"ಕರಾಟೆ ಹುಟ್ಟಿದ್ದು ಓಕಿನಾವಾ ಅನ್ನೂ ನಡುಗಡ್ಡಿಯೊಳಗ," ಎನ್ನುತ್ತಿದ್ದರು. "ಅಲ್ಲೂ ನಮ್ಮಂಗ ಕಬ್ಬ ಬೆಳೀತಾರ. ಆಳೋರು ಆಯುಧ ಕಸಗೊಂಡ್ರಂತ, ಮಂದಿಗೆ ಬರಿಗೈ ಉಳೀತು. ಆ ಬರಿಗೈನ ಕರಾಟೆ. ಮೊದಲ ಕೈ ಎತ್ತಿದಾಂವಗ ಇದು ಬಂದಿಲ್ಲ ಅಂತ ತಿಳೀರಿ."

ಕಾಟಾ ಎಂದರೆ ಇಲ್ಲದ ವೈರಿಗಳೊಂದಿಗೆ ನಾಲ್ಕು ದಿಕ್ಕಿಗೂ ತಿರುಗಿ ಹೋರಾಡಿ, ಹೊರಟ ಗೆರೆಗೇ ಬಂದು ನಿಲ್ಲುವ ವರಸೆ. ನಮಗೆ ಎಡಬಲ ತಿಳಿಯದೆ ಒಬ್ಬರನ್ನೊಬ್ಬರು ಒದೆಯುತ್ತಿದ್ದುದರಿಂದ ಮಾಸ್ತರರು ಊರಿನ ಹೆಸರು ಹಿಡಿದು ಕಲಿಸಿದರು. "ನಿಪ್ಪಾಣಿ ಕಡೆ ತಡಿ! ರಾಯಬಾಗ ಕಡೆ ತಿರಗ!" ಆದರೂ ಆರು ಜನರಲ್ಲಿ ಒಬ್ಬನೂ ತಪ್ಪಿಲ್ಲದೆ ಗೆರೆಗೆ ಮರಳಲಿಲ್ಲ. ಅಷ್ಟರಲ್ಲಿ ಕ್ಲಾಸೇ ಮುಚ್ಚಿತು.

ಹತ್ತು ವರ್ಷದ ಮೇಲೆ ಮಾಸ್ತರರ ಸ್ವಂತ ಊರಾದ ದಿಗ್ಗೇವಾಡಿಯಿಂದ ಅವರ ಹೆಂಡತಿ ಫೋನ್ ಮಾಡಿದರು. "ಮಾಸ್ತರಗ ಲಕ್ವಾ ಹೊಡದೈತಪಾ. ಯಾರರ ಒಬ್ಬ ಕಾಟಾ ಪೂರಾ ಮಾಡೂದ ನೋಡಬೇಕಂತಾರ. ಉಳದಾವ್ರು ಯಾರೂ ಈ ಕಡೆ ಇಲ್ಲ. ನೀನ ಒಬ್ಬಾಂವ."

"ನಾನಿದ್ದೀನಲ್ರಿ!" ಎಂದೆ. ಹಾಸಿಗೆಯಿಂದ ಪಟ್ಟಿ ಬಿಚ್ಚಿಕೊಂಡೆ.

"ಹಾಸಿಗಿ ಯಾವುದರ್ಲೆ ಕಟ್ಟಲ್ರಿ?" ಎಂದಳು ಹೆಂಡತಿ.

ಅಂಗಳದಲ್ಲಿ ಮಾಸ್ತರರನ್ನು ಹೊರಸಿನ ಮೇಲೆ ಒರಗಿಸಿ ಕೂರಿಸಿದ್ದರು. ಬಲಗೈ ಸತ್ತಂತೆ ತೊಡೆಯ ಮೇಲೆ ಬಿದ್ದಿತ್ತು. ಅದನ್ನು ನೋಡಲಾಗಲಿಲ್ಲ ನನಗೆ. ಹಿಮ್ಮಡಿಯಿಂದ ಗೆರೆ ಎಳೆದು ನಮಸ್ಕರಿಸಿದೆ. ನಿಪ್ಪಾಣಿ ಕಡೆ ತಡೆದೆ. ಸರಿಯಾಯಿತು! ಇನ್ನು ರಾಯಬಾಗ. ಚಿಕ್ಕೋಡಿಯಲ್ಲಿ ನಿಂತರೆ ರಾಯಬಾಗ ನಿಪ್ಪಾಣಿಗೆ ಸರಿಯಾಗಿ ಎದುರು. ದಿಗ್ಗೇವಾಡಿಯಲ್ಲಿ ನಿಂತರೆ ಪಕ್ಕಕ್ಕೆ! ನನ್ನ ಪ್ರಾಮಾಣಿಕ ದೇಹವು ನಿಜವಾದ ರಾಯಬಾಗದ ಕಡೆಗೇ ತಿರುಗಿತು. ಅಲ್ಲಿಂದ ಮುಂದೆ ಒಬ್ಬ ವೈರಿಯೂ ಇದ್ದಲ್ಲಿ ಸಿಗಲಿಲ್ಲ. ಕೊನೆಯ ಒದೆ, ಗರ್ಜನೆಯ ಸಮೇತ, ಎಮ್ಮೆಯ ನೀರಿನ ಬಾನಿಗೆ ಬಿತ್ತು. ಎಮ್ಮೆ ಎದ್ದಿತು. ನಾನು ಸೆಗಣಿಯಲ್ಲಿ ಕುಳಿತೆ!

ಮಾಸ್ತರರು ಅರ್ಧ ಬಾಯಿಂದ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಊರ ಬ್ಯಾರೆ ಆತಂದ್ರ ದಿಕ್ಕೂ ಬ್ಯಾರೆ ಅಲ್ಲೇನಲೇ..." ಎಂದು ತೊದಲಿದರು. "ಬರೂ ಐತವಾರ ಮತ್ತ ಬಾ."

ವಾರವಿಡೀ ಮಾಳಿಗೆಯ ಮೇಲೆ ಅಭ್ಯಾಸ ಮಾಡಿದೆ. ಊರುಗಳನ್ನು ಮರೆತು ಎಡಬಲ ಕಲಿತೆ. ನಲವತ್ತನೇ ವಯಸ್ಸಿಗೆ! ಆದರೆ ಆ ಭಾನುವಾರ ಅಥಣಿಯಲ್ಲಿ ಬೀಗರ ಮನೆಯ ನಿಶ್ಚಿತಾರ್ಥವಿತ್ತು. ಒಂದು ವಾರದಲ್ಲಿ ಏನಾಗುತ್ತದೆ ಎಂದುಕೊಂಡು ಹೋಳಿಗೆ ಉಂಡು ಬಂದೆ. ಗುರುವಾರ ಮಾಸ್ತರರು ತೀರಿಕೊಂಡರು.

ಆ ಹೋಳಿಗೆಯ ಮೇಲೆ ನನಗೆ ಇವತ್ತಿಗೂ ಸಿಟ್ಟು. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಮೂರನೇ ದಿನದ ಕಾರ್ಯ ಮುಗಿದು ಜನ ಎದ್ದು ಹೋದ ಮೇಲೆ ಅದೇ ಅಂಗಳದಲ್ಲಿ ಗೆರೆ ಎಳೆದೆ. ಹೊರಸನ್ನು ಗೋಡೆಗೆ ನಿಲ್ಲಿಸಿದ್ದರು. ಅದಕ್ಕೇ ನಮಸ್ಕರಿಸಿ ಶುರುಮಾಡಿದೆ. ಒಂದು ಹೆಜ್ಜೆಯೂ ತಪ್ಪಲಿಲ್ಲ. ಕೊನೆಗೆ ಹೆಬ್ಬೆರಳು ಬಂದು ಗೆರೆಯ ಮೇಲೇ ನಿಂತಿತು. ಶಹಬ್ಬಾಸ್ ಎನ್ನುವವರಿಗಾಗಿ ಸ್ವಲ್ಪ ಹೊತ್ತು ಹಾಗೇ ಕಾದೆ. ಆಮೇಲೆ ಅಲ್ಲೇ ಕುಳಿತು ಅತ್ತೆ.

ಮನೆಗೆ ಬಂದಾಗ ಹೆಂಡತಿ ನನ್ನ ಸೊಂಟದ ಪಟ್ಟಿಯನ್ನು ತಾನೇ ಬಿಚ್ಚಿದಳು.

"ಈ ಸಲ ಬರೋಬ್ಬರಿ ಆತೇನ್ರಿ?"

"ಆತು."

"ಯಾರ ನೋಡಿದ್ರು?"

"ಎಮ್ಮಿ," ಎಂದೆ.