ಮಾವ ಹೊಡೆದ ಸಾರೋಟು

"ಛತ್ರಿ ಹಿಡ್ಕೊಂಡು ನಾಲ್ಕು ಹೆಜ್ಜೆ ನಡೆದ್ರೆ ಅದೂ ಒಂದು ಕಾಶೀಯಾತ್ರೆನಾ? ನನ್ನ ಅಳಿಯ ಜೋಡಿ ಕುದುರೆ ಸಾರೋಟಿನಲ್ಲಿ ಹೊರಡ್ತಾನೆ. ಸಾರಥಿ ನಾನೇ!" ಎಂದು ಸುಬ್ರಹ್ಮಣ್ಯ ಘೋಷಿಸಿದಾಗ ಹೆಂಡತಿ ಅಲಮೇಲು ಹೆಚ್ಚುತ್ತಿದ್ದ ಹುರುಳಿಕಾಯಿಯನ್ನು ಪಕ್ಕಕ್ಕಿಟ್ಟರು.

"ಅಲ್ಲಾ ರೀ, ಹುಡುಗ ಕಾಶಿಗೆ ಹೊರಟಾಗ 'ಹೋಗ್ಬೇಡಪ್ಪಾ, ಮಗಳನ್ನ ಕೊಡ್ತೀನಿ' ಅಂತ ತಡೆಯೋದು ಹೆಣ್ಣಿನ ಅಪ್ಪ. ನೀವೇ ಓಡಿಸ್ಕೊಂಡು ಹೋದ್ರೆ ತಡೆಯೋರು ಯಾರು?"

"ಛತ್ರದ ಗೇಟಿನ ಹತ್ರ ನಿಲ್ಲಿಸ್ತೀನಿ, ಇಳೀತೀನಿ, ತಡೀತೀನಿ!"

"ಸ್ಕೂಟರ್ ಸ್ಟ್ಯಾಂಡ್ ಹಾಕೋಕೆ ನಿಮಗೆ ಪಕ್ಕದ ಮನೆಯವ್ರು ಬರ್ಬೇಕು!"

ಈ ಅವಮಾನವನ್ನು ನುಂಗಿಕೊಂಡ ಸುಬ್ರಹ್ಮಣ್ಯ ಮರುದಿನವೇ ಅರ್ಮಾನನ ಶಿಷ್ಯತ್ವ ಪಡೆದರು. ಮದುವೆಗಳಿಗೆ ಸಾರೋಟು ಬಾಡಿಗೆ ಕೊಡುವ ಅರ್ಮಾನನ ಲಾಯ ಜಕ್ಕೂರು ಕೆರೆಯ ಪಕ್ಕದಲ್ಲಿತ್ತು. ಮೊದಲ ದಿನ ಎದುರಿಗೆ ಎಮ್ಮೆ ಬಂದಾಗ ಶಿಷ್ಯರ ಹೆಬ್ಬೆರಳು ಲಗಾಮಿನ ಮೇಲೆ ಹಾರ್ನ್ ಹುಡುಕಿತು. ಎಮ್ಮೆಯೇ ದಾರಿ ಬಿಟ್ಟಿತು!

"ಸಾರ್, ಏನೇ ಆಗ್ಲಿ, ಲಗಾಮು ಮಾತ್ರ ಬಿಡ್ಬೇಡಿ. ಬಿಟ್ರೆ ಇವು ಸೀದಾ ಮನೆಗೇ" ಎಂದು ಅರ್ಮಾನ್ ದಿನವೂ ಎಚ್ಚರಿಸುತ್ತಿದ್ದ.

ಮದುವೆಯ ದಿನ ಬಂತು. ಮುಹೂರ್ತಕ್ಕೆ ಇನ್ನು ಅರ್ಧ ಗಂಟೆ. ಪಂಚೆ, ಛತ್ರಿ, ಬೆತ್ತಗಳ ಸಮೇತ ವರ ಪ್ರದ್ಯುಮ್ನ ಸಾರೋಟು ಏರಿದ. ಪಕ್ಕದಲ್ಲಿ ಕೂರಲು ಬಂದ ಅರ್ಮಾನನನ್ನು ಸುಬ್ರಹ್ಮಣ್ಯ, "ವೀಡಿಯೋದಲ್ಲಿ ನಾನೊಬ್ಬನೇ ಇರ್ಬೇಕಪ್ಪಾ" ಎಂದು ಕೆಳಗಿಳಿಸಿದರು. ಕುದುರೆಗಳು ಗಂಭೀರವಾಗಿ ಹೊರಟವು. ಸುಬ್ರಹ್ಮಣ್ಯರ ಎದೆ ಉಬ್ಬಿತು. ಗೇಟು ಬಂತು. ಗೇಟಿನಲ್ಲಿ ಬೀಗರು, ಅಂದರೆ ಪ್ರದ್ಯುಮ್ನನ ತಂದೆ, ಕೈ ಜೋಡಿಸಿ ನಿಂತಿದ್ದರು.

ಬೀಗರು ಕೈ ಮುಗಿದರೆ ಹೆಣ್ಣಿನ ತಂದೆ ಸುಮ್ಮನೆ ಕೂರುವುದುಂಟೇ? ಸುಬ್ರಹ್ಮಣ್ಯ ಎರಡೂ ಕೈ ಎತ್ತಿ, "ನಮಸ್ಕಾರ ಬೀಗರೇ!" ಎಂದರು. ಲಗಾಮು ಜಾರಿ ಕುದುರೆಗಳ ಕಾಲ ಬಳಿ ಬಿತ್ತು. ಕೈ ಎತ್ತಿದ್ದೇ ಸನ್ನೆಯೆಂದು ತಿಳಿದ ವಾಲಗದವರು ಗಟ್ಟಿಮೇಳ ಬಾರಿಸಿಬಿಟ್ಟರು.

ಕುದುರೆಗಳು ಕಿತ್ತವು ಓಟ!

"ಮಾವಾ, ಗೇಟು ಹೋಯ್ತು!"

"ನೋಡ್ದೆ ಅಳಿಯಂದಿರೇ!"

"ನಿಲ್ಸಿ ಮಾವಾ!"

"ಲಗಾಮು ಕೆಳಗಿದೆ!"

"ಬ್ರೇಕು?"

"ಆ ಪಾಠ ಇನ್ನೂ ಆಗಿಲ್ಲ!"

ಎದುರಿನಿಂದ ಅಪಾರ್ಟ್‌ಮೆಂಟಿಗೆ ನೀರು ಹೊತ್ತ ಟ್ಯಾಂಕರ್ ಬರುತ್ತಿತ್ತು. ರಸ್ತೆ ಇದ್ದದ್ದು ಒಂದು ಗಾಡಿಗೆ ಮಾತ್ರ. ಸುಬ್ರಹ್ಮಣ್ಯರ ಕಣ್ಣಮುಂದೆ ಟ್ಯಾಂಕರ್ ಇರಲಿಲ್ಲ. ಹಾರ ಹಿಡಿದು ಕಾಯುತ್ತಿದ್ದ ಮಗಳು ಶರ್ವಾಣಿ ಇದ್ದಳು. ಮುಹೂರ್ತ ತಪ್ಪಿದರೆ ಅವಳಿಗೆ ಯಾವ ಮುಖ ತೋರಿಸುವುದು? ಅವರಿಗೆ ಅಳುವೇ ಬಂತು. ಅಷ್ಟರಲ್ಲಿ ಕುದುರೆಗಳು ಚರಂಡಿಯ ಅಂಚಿಗೆ ಸರಿದು ನುಗ್ಗಿದವು. ಪ್ರದ್ಯುಮ್ನನ ಛತ್ರಿ ಟ್ಯಾಂಕರಿನ ಕನ್ನಡಿಗೆ ಸಿಕ್ಕಿಕೊಂಡು ಯಲಹಂಕದ ಕಡೆ ಹೊರಟುಹೋಯಿತು.

"ಮಾವಾ, ನಾನು ಕಾಶಿಗೆ ಹೋಗಲ್ಲ! ನಿಮ್ಮ ಮಗಳನ್ನೇ ಮದ್ವೆ ಆಗ್ತೀನಿ! ಅಮ್ಮನಾಣೆ!"

ಸಾರೋಟು ಲಾಯದ ಮುಂದೆ ತಾನಾಗಿಯೇ ನಿಂತಿತು. ಕುದುರೆಗಳು ಏನೂ ಆಗಿಲ್ಲವೆಂಬಂತೆ ಹುಲ್ಲಿಗೆ ಬಾಯಿ ಹಾಕಿದವು. ಹಿಂದೆಯೇ ಎರಡು ಆಟೋಗಳಲ್ಲಿ ಅಲಮೇಲು, ಬೀಗರು, ಅರ್ಮಾನ್, ಪುರೋಹಿತರು ಬಂದಿಳಿದರು.

ಪುರೋಹಿತರು ಗಡಿಯಾರ ನೋಡಿ, "ಹತ್ತೇ ನಿಮಿಷ ಇರೋದು! ವರನನ್ನ ತಡೆಯೋ ಶಾಸ್ತ್ರ ಇಲ್ಲೇ ಮುಗಿಸಿ" ಎಂದರು.

ಸುಬ್ರಹ್ಮಣ್ಯ ಇಳಿಯಲು ನೋಡಿದರು. ಪಂಚೆ ಸಾರೋಟಿನ ಮೆಟ್ಟಿಲಿಗೆ ಸಿಕ್ಕಿಕೊಂಡಿತ್ತು. ಎಳೆದಷ್ಟೂ ಬಿಗಿಯಾಯಿತು. ಕೊನೆಗೆ ಅಲಮೇಲುವೇ ತೆಂಗಿನಕಾಯಿ ಹಿಡಿದು ಮುಂದೆ ಬಂದರು.

"ಕಾಶಿಗೆ ಹೋಗ್ಬೇಡಿ ಅಳಿಯಂದಿರೇ. ನಮ್ಮ ಮಗಳನ್ನ ಕೊಡ್ತೀವಿ, ವಾಪಸ್ ಬನ್ನಿ."

ಪ್ರದ್ಯುಮ್ನ ಹಣೆಯ ಬೆವರು ಒರೆಸಿಕೊಂಡ. "ಬರ್ತೀನಿ ಅತ್ತೆ. ಆದ್ರೆ ಒಂದು ಷರತ್ತು."

ಬೀಗರು ತಲೆ ತಗ್ಗಿಸಿದರು. ಕಾರು ಕೇಳುತ್ತಾನೋ, ಸೈಟು ಕೇಳುತ್ತಾನೋ ಎಂದು ಸುಬ್ರಹ್ಮಣ್ಯರ ಜೀವ ಬಾಯಿಗೆ ಬಂತು.

"ಕೇ... ಕೇಳಪ್ಪಾ."

"ಆಟೋದಲ್ಲೇ ಹೋಗೋಣ. ಮಾವ ಮಾತ್ರ ಡ್ರೈವರ್ ಪಕ್ಕ ಕೂರ್ಬಾರ್ದು!"