ಲಂಗರಿನ ತೂಕ ಮತ್ತು ಹಾಜಿಯವರ ಹಲ್ವ

ದೊಡ್ಡ ಹೊಟ್ಟೆಯವನ ಹತ್ತಿರ ಕತೆಗಳು ತಾವಾಗಿಯೇ ಬಂದು ಕೂರುತ್ತವೆ. ಕೂರಲಿಕ್ಕೆ ಜಾಗ ಇರುತ್ತದಲ್ಲ, ಅದಕ್ಕೆ. ನನ್ನ ಹೊಟ್ಟೆಯ ಮೇಲೆ ಎಷ್ಟು ಕೂತಿವೆ ಅಂತ ನನಗೇ ಗೊತ್ತಿಲ್ಲ. ತೂಕ ಇಳಿಸಲು ಹೊರಟ ಮೇಲೆ ಬಂದು ಕೂತವನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಎಲ್ಲವೂ ನಿಜ. ಒಂದೆರಡು ಕಡೆ ಸತ್ಯ ಸ್ವಲ್ಪ ಉಬ್ಬಿರಬಹುದು, ಸೋಡಾ ಬಿದ್ದ ಹಿಟ್ಟಿನ ಹಾಗೆ.

೧. ಲಂಗರು

ನಮ್ಮದು ಕಡಲಿಗೆ ಹೋಗುವವರ ಮನೆ. ನಾನು ಮಾತ್ರ ಹೋಗಲಿಲ್ಲ. ಬೈಕಂಪಾಡಿಯಲ್ಲಿ ಮೀನು ತುಂಬುವ ಪ್ಲಾಸ್ಟಿಕ್ ಬಾಕ್ಸುಗಳ ಗೋದಾಮು ಇಟ್ಟುಕೊಂಡಿದ್ದೇನೆ. "ನೀನು ದೋಣಿ ಹತ್ತಿದರೆ ಮೀನಿಗೆ ಜಾಗ ಇರುವುದಿಲ್ಲ" ಅಂತ ಅಪ್ಪನೇ ಹೇಳಿದ್ದರು. ಆದರೂ ಮನೆತನದ ಕೆಲಸ ಪೂರ್ತಿ ಬಿಟ್ಟಿಲ್ಲ. ಕೊಟ್ಟಾರದ ನಮ್ಮ ಹಗ್ಗಜಗ್ಗಾಟದ ತಂಡಕ್ಕೆ ನಾನೇ ಲಂಗರು. ಅಂದರೆ ಎಲ್ಲರ ಹಿಂದೆ, ಹಗ್ಗದ ಬಾಲವನ್ನು ಮೈಗೆ ಸುತ್ತಿಕೊಂಡು ನಿಲ್ಲುವವನು. ಮುಂದಿನ ಏಳು ಜನ ಎಳೆಯುತ್ತಾರೆ, ನಾನು ನಿಲ್ಲುತ್ತೇನೆ. ನಿಲ್ಲುವುದರಲ್ಲಿ ನನ್ನನ್ನು ಮೀರಿಸಿದವರು ಈ ಜಿಲ್ಲೆಯಲ್ಲಿಲ್ಲ. ಒಮ್ಮೆ ಎದುರಿನವರು ಎಳೆದ ರಭಸಕ್ಕೆ ಹಗ್ಗವೇ ಒಂದು ಮೊಳ ಉದ್ದವಾಯಿತು, ನಾನು ಕದಲಲಿಲ್ಲ. ಆ ಹಗ್ಗವನ್ನು ಆಮೇಲೆ ಯಾರೋ ಬಾವಿಗೆ ಕಟ್ಟಿಕೊಂಡರು. ಮೊದಲು ಕೊಡ ನೀರಿಗೆ ಮುಟ್ಟುತ್ತಿರಲಿಲ್ಲವಂತೆ.

ಈ ಸಲ ಐವತ್ತು ದಾಟಿದವರ ಪಂದ್ಯಕ್ಕೆ ಹೊಸ ನಿಯಮ ತಂದರು. ಎಂಟು ಜನರ ಒಟ್ಟು ತೂಕ ಆರುನೂರ ನಲವತ್ತು ಕೆಜಿ ಮೀರಬಾರದು. ನಾವೆಲ್ಲ ನನ್ನ ಗೋದಾಮಿನ ತೂಕದ ಮಿಷನ್ ಹತ್ತಿ ನೋಡಿದೆವು. ಹನ್ನೆರಡು ಕೆಜಿ ಹೆಚ್ಚು. ಏಳು ಜನವೂ ಒಟ್ಟಿಗೆ ನನ್ನ ಹೊಟ್ಟೆ ನೋಡಿದರು.

"ಎಲ್ಲರೂ ಒಂದೂವರೆ ಕೆಜಿ ಇಳಿಸಿದರೆ ಆಯ್ತಲ್ಲ" ಎಂದೆ.

ನಮ್ಮ ಕ್ಯಾಪ್ಟನ್ ಹಾಜಿಯವರು. ಕೊಟ್ಟಾರದಲ್ಲಿ ಹಲ್ವದ ಅಂಗಡಿ. ಹಗ್ಗದಲ್ಲಿ ನನ್ನ ಮುಂದೆಯೇ ನಿಲ್ಲುವವರು, ಹಾಗಾಗಿ ಅವರ ಮುಖಕ್ಕಿಂತ ಬೆನ್ನು ನನಗೆ ಹೆಚ್ಚು ಪರಿಚಯ. ಅವರು ತಲೆಯಾಡಿಸಿದರು. "ನಮ್ಮಲ್ಲಿ ಇಳಿಸಲಿಕ್ಕೆ ಎಂತ ಉಂಟು ಮಾರಾಯ್ರೆ? ಸ್ಟಾಕ್ ಇದ್ದಲ್ಲಿಂದ ತೆಗೆಯಬೇಕು."

ಇಳಿಯದಿದ್ದರೆ ನನ್ನ ಜಾಗಕ್ಕೆ ಯಾರು ಎಂಬುದೂ ಅಲ್ಲೇ ತೀರ್ಮಾನವಾಯಿತು. ನನ್ನ ಹೆಂಡತಿಯ ತಮ್ಮ; ಅವನಿಗೆ ನಾನು ಭಾವ, ನನಗೂ ಅವನು ಭಾವ. ಐವತ್ತೈದು ಕೆಜಿ, ಅದೂ ಮಳೆಯಲ್ಲಿ ನೆನೆದು ಬಂದರೆ. ಅವನನ್ನು ಲಂಗರು ಮಾಡುವುದೂ ಒಂದೇ, ದೋಣಿಗೆ ಗಾಳಿಪಟ ಕಟ್ಟುವುದೂ ಒಂದೇ.

"ಹೆದರಬೇಡಿ ಭಾವ, ನಿಮ್ಮ ಹೆಸರು ನಾನು ಉಳಿಸ್ತೇನೆ" ಎಂದ.

ಆ ಮಾತು ಕೇಳಿದ್ದೇ ನಾನು ಡಯಟಿಷಿಯನ್ ಹತ್ತಿರ ಓಡಿದೆ. ಓಡಿದೆ ಎಂದರೆ, ರಿಕ್ಷಾದಲ್ಲಿ.

೨. ಅನ್ನ ಬಿಟ್ಟದ್ದು

ಡಯಟಿಷಿಯನ್ ನನ್ನ ಮಗಳ ಪ್ರಾಯದ ಹುಡುಗಿ. "ಅಂಕಲ್, ನಿಮಗೆ ಕಾರ್ಬೋಹೈಡ್ರೇಟ್ ಜಾಸ್ತಿ ಆಗಿದೆ. ಮೊದಲು ಅನ್ನ ಕಡಿಮೆ ಮಾಡಿ" ಎಂದಳು.

"ಕಡಿಮೆ ಎಂತಕ್ಕೆ, ಬಿಟ್ಟೇ ಬಿಡ್ತೇನೆ" ಎಂದೆ. ನಾನು ಅರ್ಧ ಕೆಲಸ ಮಾಡುವವನಲ್ಲ.

ಮುಂದಿನ ಸಲ ಹೋದಾಗ ತೂಕ ಒಂದು ಕೆಜಿ ಏರಿತ್ತು. ಅವಳು ಮಿಷನನ್ನು ಒಮ್ಮೆ ತಟ್ಟಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಅನ್ನ ಬಿಟ್ಟಿದ್ದೀರಾ?"

"ಒಂದು ಅಗುಳು ಮುಟ್ಟಲಿಲ್ಲ."

"ಹಾಗಾದರೆ ಬೆಳಿಗ್ಗೆ ಎಂತ ತಿಂತೀರಿ?"

"ನೀರುದೋಸೆ. ಕಾಗದದ ಹಾಗೆ ಇರ್ತದೆ, ತೂಕವೇ ಇಲ್ಲ."

"ಎಷ್ಟು?"

"ತೂಕವೇ ಇಲ್ಲದ್ದನ್ನು ಯಾರು ಲೆಕ್ಕ ಮಾಡ್ತಾರೆ?"

"ಮಧ್ಯಾಹ್ನ?"

"ಪುಂಡಿ. ಹಬೆಯಲ್ಲಿ ಬೇಯಿಸಿದ ಉಂಡೆ, ಒಂದು ತೊಟ್ಟು ಎಣ್ಣೆ ಇಲ್ಲ. ಸಂಜೆ ಸ್ವಲ್ಪ ಶ್ಯಾವಿಗೆ, ಬೆಲ್ಲ ಹಾಕಿದ ಕಾಯಿಹಾಲು. ರಾತ್ರಿ ಕೋರಿ ರೊಟ್ಟಿ. ಕೋಳಿ ಪ್ರೋಟೀನ್ ಅಲ್ವಾ?"

"ಕೋಳಿ ಸರಿ. ರೊಟ್ಟಿ ಎಂತದರದ್ದು ಅಂಕಲ್?"

"ಅಕ್ಕಿಯದ್ದು."

"ಶ್ಯಾವಿಗೆ?"

"ಅದೂ ಅಕ್ಕಿಯದ್ದೇ."

"ಪುಂಡಿ, ನೀರುದೋಸೆ?"

ನಾನು ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದೆ. ನನ್ನ ನಿಷ್ಠೆಯ ಬಗ್ಗೆ ಅನುಮಾನ ಬರಬಾರದು ಎಂದು ಕೊನೆಗೆ ಒಂದು ಮಾತು ಸೇರಿಸಿದೆ. "ಭಾನುವಾರ ಹೊಟ್ಟೆಗೆ ಪೂರ್ತಿ ರೆಸ್ಟ್ ಕೊಡ್ತೇನೆ. ಬರೀ ಗಂಜಿ."

"ಗಂಜಿ ಅನ್ನ ಅಲ್ವಾ?"

"ಛೆ, ಅದು ಪಥ್ಯ."

ಅವಳು ಪೆನ್ನು ಕೆಳಗಿಟ್ಟಳು. "ಅಂಕಲ್, ನೀವು ಅನ್ನವನ್ನು ಬಿಟ್ಟಿದ್ದೀರಿ. ಅನ್ನ ನಿಮ್ಮನ್ನು ಬಿಟ್ಟಿಲ್ಲ."

೩. ಹತ್ತು ನಿಮಿಷ

ಸಿಹಿಯ ಆಸೆಗೆ ಅವಳು ಬೇರೆಯೇ ಮದ್ದು ಹೇಳಿದಳು. ತಿನ್ನಬೇಕು ಅನಿಸಿದ ಕೂಡಲೇ ಒಂದು ಲೋಟ ನೀರು ಕುಡಿದು ಗಡಿಯಾರ ನೋಡಬೇಕು. ಹತ್ತು ನಿಮಿಷ ಕಾಯಬೇಕು. ಆಸೆ ಬಂದ ದಾರಿಯಲ್ಲೇ ಹೋಗುತ್ತದೆ.

ನಾನು ಶ್ರದ್ಧೆಯಿಂದ ಪಾಲಿಸಿದೆ. ಬೆಳಗಿನ ವಾಕಿಂಗಿನ ದಾರಿಯಲ್ಲಿ ಒಂದು ಹೋಟೆಲು. ಕಳಿತ ಬಾಳೆಹಣ್ಣನ್ನು ಹಿಚುಕಿ, ಸಕ್ಕರೆ, ಮೊಸರು, ಮೈದಾ ಕಲಸಿ ಕರಿಯುವ ನಮ್ಮ ಬನ್ಸ್ ಅಲ್ಲಿ ಪ್ರಸಿದ್ಧ. ಅದರ ಪರಿಮಳ ರಸ್ತೆ ದಾಟಿ ಬಂದು ಅಂಗಿಯ ಕಾಲರ್ ಹಿಡಿಯುತ್ತದೆ. ಆಸೆ ಬಂತು. ನೀರು ಬೇಕಲ್ಲ, ಹಾಗಾಗಿ ಒಳಗೆ ಹೋದೆ. ಒಂದು ಲೋಟ ನೀರು ಕುಡಿದೆ. ಕಾಯಬೇಕಲ್ಲ, ಹಾಗಾಗಿ ಕೂತೆ.

ಸಪ್ಲೈಯರ್ ಬಂದು, "ಎಂತ ಕೊಡುವ ಅಣ್ಣ?" ಎಂದ.

"ಎಂತ ಬೇಡ. ಹತ್ತು ನಿಮಿಷ ಕೂರ್ತೇನೆ."

ಅವನು ಒಳಗೆ ತಿರುಗಿ ಕೂಗಿದ. "ಅಣ್ಣ ಬಿಸಿಯದ್ದಕ್ಕೆ ಕಾಯ್ತಾ ಇದ್ದಾರೆ. ಹೊಸದು ಎಣ್ಣೆಗೆ ಬಿಡಿ."

ನನಗೋಸ್ಕರ ಒಬ್ಬರು ಒಲೆ ಉರಿಸಿದ ಮೇಲೆ ಎದ್ದು ಹೋಗುವ ಸಂಸ್ಕಾರ ನಮ್ಮ ಮನೆಯದ್ದಲ್ಲ. ಆದರೆ ಡಯಟಿಷಿಯನ್ ಹೇಳಿದ್ದು ಸುಳ್ಳಾಗಲಿಲ್ಲ. ಹತ್ತು ನಿಮಿಷ ಆಗುವಾಗ ಆಸೆ ಪೂರ್ತಿ ಹೋಗಿತ್ತು. ನಾಲ್ಕು ಬನ್ಸೂ ಹೋಗಿದ್ದವು.

೪. ಎರಡೂ ಕೈ

ಒಂದು ಮದುವೆಯ ಊಟ. ಹೆಂಡತಿ ಪಕ್ಕದಲ್ಲೇ ಕೂತು, "ಹೋಳಿಗೆ ಬಂದರೆ ಬೇಡ ಅನ್ನಿ" ಎಂದು ಮೊದಲೇ ಎಚ್ಚರಿಸಿದಳು.

ಬಡಿಸುವವನು ಬಂದ. "ಬೇಡ" ಎಂದೆ.

ನಮ್ಮ ಊರಿನ ಬಡಿಸುವವರಿಗೆ ಒಮ್ಮೆ ಬೇಡ ಎಂದರೆ ಒಂದು, ಎರಡು ಸಲ ಬೇಡ ಎಂದರೆ ಎರಡು. ಅದು ಗೊತ್ತಿದ್ದೇ ನಾನು ಮತ್ತೆ ಬಾಯಿ ತೆರೆಯಲಿಲ್ಲ, ಎರಡೂ ಕೈಯನ್ನು ಬಾಳೆಲೆಯ ಮೇಲೆ ಅಡ್ಡ ಹಿಡಿದೆ. ಅವನು ಎಡಗೈ ಮೇಲೊಂದು, ಬಲಗೈ ಮೇಲೊಂದು ಹೋಳಿಗೆ ಇಟ್ಟ. ಹಿಂದಿನಿಂದ ಬಂದವನು ಎರಡರ ಮೇಲೂ ತುಪ್ಪ ಸುರಿದ.

"ಕೈ ತೊಳೆದು ಬನ್ನಿ" ಎಂದಳು ಹೆಂಡತಿ.

"ಎದ್ದರೆ ಪಂಕ್ತಿಗೆ ಅವಮಾನ" ಎಂದೆ. ಅಲ್ಲಾಡದೆ ಕೂತು, ಕೈಯಿದ್ದಲ್ಲಿಗೆ ಬಾಯಿ ತೆಗೆದುಕೊಂಡು ಹೋಗಿ ಎರಡನ್ನೂ ಮುಗಿಸಿದೆ. ಡಯಟಿಷಿಯನ್ ಕೇಳಿದಾಗ ಧೈರ್ಯವಾಗಿ ಹೇಳಿದೆ, "ಹೋಳಿಗೆಗೆ ನಾನು ಕೈ ಹಾಕಲಿಲ್ಲ."

೫. ಹಂಚಿಕೆ

ಪಂದ್ಯ ಹತ್ತಿರ ಬಂತು. ಭಾವ ದಿನಾ ಸಂಜೆ ಅಭ್ಯಾಸಕ್ಕೆ ಬಂದು, ಹಗ್ಗದ ಬಾಲ ಹಿಡಿದು ನಿಂತು, "ಹೀಗೆ ಅಲ್ವಾ ಭಾವ?" ಎಂದು ಕೇಳುತ್ತಿದ್ದ. ಅದನ್ನು ನೋಡುವಾಗ ನನಗೆ ನಿಜವಾಗಿಯೂ ಊಟ ಸೇರುತ್ತಿರಲಿಲ್ಲ. ಬಹುಶಃ ಅದೇ ನನ್ನ ಡಯಟಿನ ಆರಂಭ. ಹೆಂಡತಿ ಅಕ್ಕಿಯ ಡಬ್ಬಕ್ಕೆ ಮುಚ್ಚಳ ಬಿಗಿದಳು. ಬಂಗುಡೆ ಸಾರು, ಬಸಳೆ, ಹೆಸರುಕಾಳು, ಮತ್ತೆ ಬಸಳೆ. ನನ್ನ ಮೈಯಲ್ಲಿ ಬಳ್ಳಿ ಹಬ್ಬುವುದೊಂದು ಬಾಕಿ.

ಉಳಿದದ್ದು ಮನೆಗೆ ಬರುವ ಸಿಹಿ. ನಾನು ದೊಡ್ಡ ಮನುಷ್ಯ, ಹಾಗಾಗಿ ಯಾರ ಸೀಮಂತ, ಯಾರ ಗೃಹಪ್ರವೇಶವೇ ಇರಲಿ, ಒಂದು ಬಾಕ್ಸ್ ಬರುತ್ತದೆ. ಹಾಜಿಯವರ ಅಂಗಡಿಯಿಂದ ವಾರಕ್ಕೊಮ್ಮೆ ನನ್ನ ಹೆಸರಿಗೆ ಹಲ್ವವೂ ಬರುತ್ತದೆ, ಹಳೆಯ ಅಭ್ಯಾಸ.

"ಮನೆಯಲ್ಲಿ ಇಡಲೇಬೇಡಿ ಅಂಕಲ್, ಹಂಚಿಬಿಡಿ" ಎಂದಳು ಡಯಟಿಷಿಯನ್.

ಹಂಚಿದೆ. ದಿನಾ ಸಂಜೆ ಬಾಕ್ಸ್ ಹಿಡಿದು ಮೈದಾನಕ್ಕೆ ಹೋಗಿ ಏಳು ಜನರ ಮುಂದೆ ಇಡುತ್ತಿದ್ದೆ. ಮೊದಲು ಸಂಕೋಚಪಟ್ಟರು. "ತಂಡದ ಸಲುವಾಗಿ ತಿನ್ನಿ" ಎಂದೆ. ತಂಡದ ಸಲುವಾಗಿ ಎಂದರೆ ನಮ್ಮವರು ಎಂತ ಬೇಕಾದರೂ ಮಾಡುತ್ತಾರೆ. ನಾನು ಎದುರು ಕೂತು ನೀರು ಕುಡಿಯುತ್ತಾ, ಒಬ್ಬೊಬ್ಬರ ದವಡೆ ಆಡುವುದನ್ನು ನೋಡಿ ತೃಪ್ತಿಪಡುತ್ತಿದ್ದೆ.

ಹಾಜಿಯವರು ಮಾತ್ರ, "ನನ್ನ ಅಂಗಡಿಯ ಹಲ್ವ ನನಗೇ ಕೊಡ್ತೀರಾ? ನಾನು ತಿನ್ನದೆ ಎಷ್ಟೋ ವರ್ಷ ಆಯ್ತು ಮಾರಾಯ್ರೆ" ಎಂದರು.

"ಗಿರಾಕಿ ಕೊಡ್ತಾ ಇದ್ದಾನೆ ಅಂತ ತಿನ್ನಿ."

ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಎರಡನೆಯದನ್ನು ಅವರೇ ತೆಗೆದರು. ಮೂರನೆಯದಾದ ಮೇಲೆ ನಿಟ್ಟುಸಿರು ಬಿಟ್ಟು ಹೇಳಿದರು, "ಇಷ್ಟು ಒಳ್ಳೆಯದುಂಟು ಅಂತ ಗೊತ್ತಿದ್ದರೆ ರೇಟ್ ಜಾಸ್ತಿ ಮಾಡ್ತಿದ್ದೆ."

೬. ಬಾಳೆಗೊನೆ

ಪಂದ್ಯದ ದಿನ ಮೈದಾನದಲ್ಲೇ ತೂಕ. ಎದುರು ತಂಡ ತೊಕ್ಕೊಟ್ಟಿನದ್ದು. ನಾನು ಎದೆಯುಬ್ಬಿಸಿ ಮಿಷನ್ ಹತ್ತಿದೆ. ಇಳಿಸಬೇಕಾದ ಹನ್ನೆರಡು ಕೆಜಿಯೂ ಸರಿಯಾಗಿ ಇಳಿದಿತ್ತು. ಕೆಳಗಿಳಿದು ಭಾವನ ಬೆನ್ನು ತಟ್ಟಿದೆ. "ಪಾಪ, ಮುಂದಿನ ವರ್ಷ ನೋಡುವ."

ಉಳಿದ ಏಳು ಜನರದ್ದೂ ಆಯಿತು. ರೆಫರಿ ಎರಡು ಸಲ ಕೂಡಿಸಿ ನೋಡಿ ಹೇಳಿದರು, "ಹನ್ನೊಂದು ಕೆಜಿ ಹೆಚ್ಚುಂಟು."

"ನಿಮ್ಮ ಮಿಷನ್ ಸರಿ ಇಲ್ಲ" ಎಂದೆ.

ಮಿಷನ್ ಸರಿ ಇತ್ತು. ಸರಿ ಇಲ್ಲದಿದ್ದದ್ದು ಹಾಜಿಯವರ ಬೆಲ್ಟು. ಅದಕ್ಕೆ ಮೊಳೆಯಿಂದ ಹೊಸ ತೂತು ಹೊಡೆದದ್ದು ಕಾಣುತ್ತಿತ್ತು. ಒಬ್ಬರ ಅಂಗಿಯ ಗುಂಡಿ ಹಾಕಲಿಕ್ಕೆ ಬರುತ್ತಿರಲಿಲ್ಲ, ಇನ್ನೊಬ್ಬರಿಗೆ ಗದ್ದವೇ ಎರಡಾಗಿತ್ತು. ನನಗೆ ಆಗ ಅರ್ಥವಾಯಿತು. ನಾನು ಇಳಿಸಿದ್ದು ಎಲ್ಲಿಗೂ ಹೋಗಿರಲಿಲ್ಲ. ಹನ್ನೊಂದು ಕೆಜಿ ಇಲ್ಲೇ ಏಳು ಭಾಗವಾಗಿ ನಿಂತಿತ್ತು. ಒಂದು ಕೆಜಿ ದಾರಿಯಲ್ಲಿ ಸೋರಿರಬೇಕು.

"ಯಾರಾದರೂ ಒಬ್ಬರು ಬದಲಾಗಬೇಕು" ಎಂದರು ರೆಫರಿ.

ಎಲ್ಲರಿಗಿಂತ ಭಾರದವನು ಈಗಲೂ ನಾನೇ. ಏಳು ಜನವೂ ಮತ್ತೆ ನನ್ನ ಹೊಟ್ಟೆ ನೋಡಿದರು. ಭಾವ ಆಗಲೇ ಶೂಸಿನ ಲೇಸು ಬಿಗಿಯುತ್ತಿದ್ದ. ಇಷ್ಟು ದಿನ ಬಸಳೆ ತಿಂದವನೂ ನಾನೇ, ಹೊರಗೆ ನಿಲ್ಲುವವನೂ ನಾನೇ. ಹಗ್ಗದ ಬಾಲವನ್ನು ಎತ್ತಿ ಭಾವನ ಕಡೆಗೆ ಹಿಡಿದೆ.

ಹಾಜಿಯವರು ಕೈಯ ಗ್ಲೌಸ್ ತೆಗೆದು ಭಾವನಿಗೆ ಕೊಟ್ಟರು. "ನೀನು ನನ್ನ ಜಾಗದಲ್ಲಿ ನಿಲ್ಲು. ಹಲ್ವ ತಿಂದವ ನಾನು, ಬಿಟ್ಟವರು ಇವರು. ಇವರನ್ನು ಹೊರಗೆ ಹಾಕಿ ನಾನು ಹಗ್ಗ ಹಿಡಿದರೆ ನನಗೆ ಅಂಗಡಿಯಲ್ಲಿ ಕೂರಲಿಕ್ಕೆ ಆಗುವುದಿಲ್ಲ."

ಮೊದಲ ಸುತ್ತು. ಇಷ್ಟು ವರ್ಷ ಹಾಜಿಯವರ ಬೆನ್ನು ಬಿಟ್ಟು ಬೇರೆ ಏನೂ ನೋಡದಿದ್ದ ನನಗೆ, ಭಾವನ ಬೆನ್ನಿನ ಎರಡೂ ಕಡೆಯಿಂದ ಇಡೀ ಮೈದಾನ ಕಂಡಿತು. ಕಂಡಿತು ಎನ್ನುವಾಗಲೇ ಅದು ನನ್ನ ಕಡೆಗೆ ಬರತೊಡಗಿತು. ಅಂದರೆ ನಾನು ಜಾರುತ್ತಿದ್ದೆ. ಲಂಗರು ಕಿತ್ತು ಬಂತು, ಸುತ್ತು ಹೋಯಿತು.

ಹಾಜಿಯವರು ಗೆರೆಯ ಹೊರಗಿನಿಂದ ಒಂದು ಬಾಕ್ಸ್ ಹಿಡಿದುಕೊಂಡು ಬಂದರು. "ತೂಕ ನೋಡಿ ಆಯ್ತಲ್ಲ. ನಾನು ಹೊರಗೆ ಬಂದು ಇವನು ಒಳಗೆ ಹೋದ ಲೆಕ್ಕದಲ್ಲಿ ಹದಿನೆಂಟು ಕೆಜಿ ಜಾಗ ಖಾಲಿ ಉಂಟು. ತುಂಬಿಸಿ ಮಾರಾಯ್ರೆ."

ಎಷ್ಟು ದಿನದ ಮೇಲೆ ಹಲ್ವ. ನಾನು ನೀರೂ ಕುಡಿಯಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ಬಾಕ್ಸಿನ ತಳ ಕಂಡ ಮೇಲೆ ಹಗ್ಗ ಸುತ್ತಿಕೊಂಡು ನಿಂತೆ. ಎರಡನೆಯ ಸುತ್ತು ನಮ್ಮದು. ಮೂರನೆಯದೂ ನಮ್ಮದು. ನಾಲ್ಕನೆಯದೊಂದು ಇದ್ದಿದ್ದರೆ ತೊಕ್ಕೊಟ್ಟು ಜಂಕ್ಷನ್ನೇ ನೇತ್ರಾವತಿ ದಾಟಿ ಈಚೆ ಬರುತ್ತಿತ್ತು, ಹೊಳೆಯ ಸೇತುವೆ ಹಾಳಾಗುವುದು ಬೇಡ ಎಂದು ರೆಫರಿ ನಿಲ್ಲಿಸಿದರು.

ಬಹುಮಾನ ಒಂದು ದೊಡ್ಡ ಬಾಳೆಗೊನೆ. ಲಂಗರಿಗೆ ಗೌರವ ಎಂದು ನನ್ನ ಮನೆಗೇ ಕಳಿಸಿದರು. ಅದು ಒಟ್ಟಿಗೇ ಹಣ್ಣಾಗಿ, ಮೆತ್ತಗಾಗಿ, ಕಪ್ಪು ತಿರುಗಿತು. ಹಾಗೆ ಆದ ಬಾಳೆಹಣ್ಣಿಗೆ ಮಂಗಳೂರಿನಲ್ಲಿ ಇರುವುದು ಒಂದೇ ದಾರಿ. ಹೆಂಡತಿ ಅಟ್ಟದಿಂದ ದೊಡ್ಡ ಬಾಣಲೆ ಇಳಿಸಿದಳು.

ಬನ್ಸ್ ತುಂಬಿದ ಡಬ್ಬ ಹಿಡಿದುಕೊಂಡೇ ಡಯಟಿಷಿಯನ್ ಹತ್ತಿರ ಹೋದೆ. ಅದನ್ನು ನೋಡಿದವಳೇ, "ಅಂಕಲ್, ಮನೆಯಲ್ಲಿ ಸಿಹಿ ಇದ್ದರೆ ಹಂಚಿಬಿಡಿ ಅಂತ ಹೇಳಿರಲಿಲ್ವಾ?" ಎಂದಳು.

"ಯಾರಿಗೆ ಹಂಚುವುದು? ಆ ಏಳು ಜನವೂ ಹೊರಗೆ ನಿಮ್ಮ ಬೆಂಚಿನ ಮೇಲೆ ಕೂತಿದ್ದಾರೆ, ತೂಕ ಇಳಿಸಲಿಕ್ಕೆ." ಡಬ್ಬವನ್ನು ಅವಳ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದೆ. "ಉಳಿದದ್ದು ನೀವೊಬ್ಬರೇ."

ಬನ್ಸ್ ಇನ್ನೂ ಬಿಸಿ ಇತ್ತು. ಅವಳು ಒಂದು ಲೋಟ ನೀರು ಕುಡಿದು ಗಡಿಯಾರ ನೋಡಿದಳು.