ಅಳುವುದಕ್ಕೊಂದು ಅರ್ಜಿ

ನಮ್ಮ ಮನೆಯಲ್ಲಿ ಅರ್ಜಿ ಕೊಡದೆ ಯಾರಿಗಾದರೂ ಜ್ವರ ಬಂದರೆ ದೊಡ್ಡಪ್ಪ ಅದನ್ನು ಜ್ವರವೆಂದೇ ಒಪ್ಪುತ್ತಿರಲಿಲ್ಲ. ಥರ್ಮಾಮೀಟರು ನೂರಾ ಎರಡು ತೋರಿಸಿದರೇನು, ಅದು ಬರೀ ಬಾಯಿಮಾತು! ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರ ಗುಮಾಸ್ತರು ಅವರು. ಸಾರಿಗೆ ಉಪ್ಪು ಹೆಚ್ಚಾದ ದಿನ ಬಾಯಿಬಿಟ್ಟು ಒಂದು ಮಾತೂ ಆಡದೆ ಉಂಡೆದ್ದು, ಎಲೆಯ ಪಕ್ಕ ಚೀಟಿ ಇಡುತ್ತಿದ್ದರು: “ಉಪ್ಪಿನ ಬಗ್ಗೆ ವಿವರಣೆ ಕೋರಲಾಗಿದೆ.” ದೊಡ್ಡಮ್ಮ ಆ ಚೀಟಿಯಿಂದ ಒಲೆ ಹೊತ್ತಿಸುತ್ತಿದ್ದರು. ಮರುದಿನ ಜ್ಞಾಪನಾ ಪತ್ರ ಬರುತ್ತಿತ್ತು. ಅದೂ ಚೆನ್ನಾಗಿ ಉರಿಯುತ್ತಿತ್ತು.

ಕೇರಳ ರಾಜ್ಯ ಹುಟ್ಟಿ ಆಗ ಎರಡು ವರ್ಷ, ನಾನು ಹುಟ್ಟಿ ಎಂಟು. ಕೊಚ್ಚಿಯ ಮಟ್ಟಾಂಚೇರಿಯ ಬ್ಯಾಂಕಿನಲ್ಲಿದ್ದ ಅಪ್ಪನಿಗೆ ತಿರುವನಂತಪುರಕ್ಕೆ ವರ್ಗವಾಗಿ, ಬಾಡಿಗೆ ಮನೆ ಸಿಗುವ ತನಕ ಚಾಲೈ ಪೇಟೆಯ ಹಿಂದಿದ್ದ ದೊಡ್ಡಪ್ಪನ ಮನೆಯಲ್ಲಿ ಇಳಿದುಕೊಂಡೆವು. ನನ್ನನ್ನು ವರ್ಷದ ನಡುವೆ ಮೂರನೇ ತರಗತಿಗೆ ಸೇರಿಸಿದರು. ಎರಡನೇ ದಿನದಿಂದ ನಾನು ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅಳತೊಡಗಿದೆ. ಅಪ್ಪ ಪೆಪ್ಪರ್‌ಮಿಂಟು ತೋರಿಸಿದರು. ಅಮ್ಮ ಸೌಟು ತೋರಿಸಿದಳು. ದೃಷ್ಟಿ ತಾಗಿದೆಯೆಂದು ದೊಡ್ಡಮ್ಮ ಒಣಮೆಣಸು ನಿವಾಳಿಸಿ ಸುಟ್ಟರು. ಮನೆಮಂದಿಯೆಲ್ಲ ಕೆಮ್ಮಿ ಕೆಮ್ಮಿ ಸುಸ್ತಾದರು, ನಾನು ಅಳುತ್ತಲೇ ಇದ್ದೆ.

ಅಳಬೇಡ ಎನ್ನದವರು ದೊಡ್ಡಪ್ಪ ಒಬ್ಬರೇ. ಕಾಗದ, ಪೆನ್ಸಿಲ್ಲು ತಂದು ನನ್ನ ಮುಂದಿಟ್ಟರು.

“ಅಳುದಕ್ಕೆ ಅಡ್ಡಿ ಇಲ್ಲ. ಕಾರಣ ಎಂತದು ಅಂತ ಬರೆದು ಕೊಡು.”

ಮೊದಲ ಅರ್ಜಿಯಲ್ಲಿ ಹೊಟ್ಟೆನೋವು ಎಂದು ಬರೆದೆ. ಸಂಜೆ ಅದು ಕೆಂಪು ಶಾಯಿಯ ಟಿಪ್ಪಣಿ ಹೊತ್ತು ಮರಳಿತು: “ಹೊಟ್ಟೆಯ ಯಾವ ಭಾಗ? ಭಾನುವಾರ ಯಾಕಿಲ್ಲ?” ಎರಡನೆಯದರಲ್ಲಿ ಹಲ್ಲುನೋವು ಎಂದೆ. “ಸದರಿ ಹಲ್ಲು ಹೋದ ತಿಂಗಳೇ ಬಿದ್ದಿದೆ. ಪುನಃ ಸಲ್ಲಿಸುವುದು.” ಇಂಥವರ ಹತ್ತಿರ ಸುಳ್ಳು ಹೇಳಿ ಬದುಕುವುದುಂಟೇ? ಐದನೆಯ ಅರ್ಜಿಯ ಹೊತ್ತಿಗೆ ಕಾಯಿಲೆಗಳೆಲ್ಲ ಮುಗಿದು, ವಿಧಿಯಿಲ್ಲದೆ ನಿಜ ಬರೆದೆ.

ಮೊದಲ ದಿನ ನಾನು ಬಾಯಿ ತೆರೆದಾಗ ನನ್ನ ಕೊಚ್ಚಿಯ ಮಲಯಾಳ ಕೇಳಿ ತರಗತಿಯೆಲ್ಲ ನಕ್ಕಿತ್ತು. ಅಂದು ಮುಚ್ಚಿದ ಬಾಯಿ ಮತ್ತೆ ತೆರೆಯಲಿಲ್ಲ. ಉತ್ತರ ಗೊತ್ತಿದ್ದರೂ ಗಂಟಲಿನಿಂದ ಹೊರಡದು. ಹೇಳದಿದ್ದರೆ ಟೀಚರ್ ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ನಿಂತರೆ ಎಲ್ಲರೂ ಮತ್ತೆ ನಗುತ್ತಾರೆ. ಈ ತಿಂಗಳೊಳಗೆ ಮಾತಾಡದಿದ್ದರೆ ಒಂದನೇ ತರಗತಿಗೆ ಇಳಿಸುವುದಾಗಿ ಹೇಳಿದ್ದಾರೆ.

ದೊಡ್ಡಪ್ಪ ಅದನ್ನು ಎರಡು ಸಲ ಓದಿದರು. ಕೆಂಪು ಶಾಯಿಯ ಪೆನ್ನಿನ ಮುಚ್ಚಳ ತೆಗೆದರು. ಏನೂ ಬರೆಯದೆ ಪುನಃ ಮುಚ್ಚಿದರು.

ಶಾಲೆಗೆ ಪತ್ರ ಹೋಯಿತು. ಹಿಂದಿನಿಂದಲೇ ಎರಡು ಜ್ಞಾಪನಾ ಪತ್ರಗಳೂ ಹೋದವು. ಟೀಚರ್ ಕೆಟ್ಟವರಲ್ಲ, ಆದರೆ ಐವತ್ತು ಮಕ್ಕಳ ಮೂಗು ಒರೆಸುವ ಹೆಂಗಸಿಗೆ ಕಾಗದಕ್ಕೆ ಉತ್ತರ ಬರೆಯುವ ಪುರುಸೊತ್ತೆಲ್ಲಿ? ಹೇಳುವುದಿದ್ದರೆ ಬಂದು ಹೇಳಲಿ ಎಂದು ನನ್ನ ಹತ್ತಿರ ಹೇಳಿ ಕಳಿಸಿದರು.

ದೊಡ್ಡಪ್ಪ ಅರ್ಧ ದಿನದ ರಜೆ ಹಾಕಿ, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಕೊಡೆ ಹಿಡಿದು ಬಂದರು. ಅದು ಮಗ್ಗಿಯ ಪಾಠದ ಹೊತ್ತು. ನಾನು ಎಂದಿನಂತೆ ಬೆಂಚಿನ ಮೇಲಿದ್ದೆ. ಅವರು ಟೀಚರಿಗೆ ಕೈಮುಗಿದು, ಈ ಮಗು ತಮ್ಮ ಮನೆಯಲ್ಲಿರುವುದರಿಂದ ಇವಳ ಮೌನಕ್ಕೆ ತಾವೂ ಹೊಣೆ, ಆದ್ದರಿಂದ ಶಿಕ್ಷೆ ಇಬ್ಬರಿಗೂ ಸಮನಾಗಿ ಸಲ್ಲತಕ್ಕದ್ದು ಎಂದು ತಡವರಿಸುತ್ತ ಹೇಳಿದರು. ಟೀಚರ್ ಇದೇನೋ ತಮಾಷೆ ಎಂದುಕೊಂಡು ನಕ್ಕರು. ದೊಡ್ಡಪ್ಪ ಚಪ್ಪಲಿ ಬಿಟ್ಟು, ಕೊಡೆಯನ್ನು ಡೆಸ್ಕಿಗೆ ತೂಗುಹಾಕಿ, ಪಂಚೆ ಎತ್ತಿಕೊಂಡು ನನ್ನ ಪಕ್ಕದಲ್ಲಿ ಹತ್ತಿ ನಿಂತೇಬಿಟ್ಟರು!

ಎಂಟು ವರ್ಷದ ಮಕ್ಕಳಿಗೆಂದು ಮಾಡಿದ ಬೆಂಚು ಕಿರುಗುಟ್ಟಿತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದ ತರಗತಿಯವರು ಕಿಟಕಿಗೆ ಮುತ್ತಿದರು. ದೊಡ್ಡಪ್ಪ ಕೈಕಟ್ಟಿಕೊಂಡು ಎದುರಿನ ಗೋಡೆಯನ್ನೇ ನೋಡುತ್ತ ನಿಂತಿದ್ದರು. ಅವರ ಕಿವಿ ಕೆಂಪಾಗಿತ್ತು. ನನ್ನನ್ನು ನೋಡಿ ನಕ್ಕಾಗ ಅಳು ಬರುತ್ತಿತ್ತು, ಅವರನ್ನು ನೋಡಿ ನಕ್ಕಾಗ ಎಲ್ಲಿಲ್ಲದ ಸಿಟ್ಟು ಬಂತು.

“ಟೀಚರೇ, ಞಾನ್ ಪರಯಾಂ,” ಎಂದೆ, ನಾನು ಹೇಳುತ್ತೇನೆ ಎಂದು. “ದೊಡ್ಡಪ್ಪ ಇರಙ್ಙಟ್ಟೆ.”

ಅವರು ಇಳಿಯಲಿ ಎಂದು ಕೇಳಿದ್ದು ಅದೇ ಕೊಚ್ಚಿಯ ಮಲಯಾಳದಲ್ಲಿ. ಏಳರ ಮಗ್ಗಿಯನ್ನೂ ಅದರಲ್ಲೇ ಕೊನೆಯವರೆಗೆ ಹೇಳಿದೆ. ಯಾರು ನಕ್ಕರೋ ಯಾರು ಬಿಟ್ಟರೋ ನನಗೆ ಗೊತ್ತಿಲ್ಲ. ಡೆಸ್ಕು ಹಿಡಿದುಕೊಂಡು ಇಳಿಯುತ್ತಿದ್ದ ದೊಡ್ಡಪ್ಪ ಎಲ್ಲಿ ಬೀಳುತ್ತಾರೋ ಎಂದು ನನಗೆ ಅದೇ ಚಿಂತೆ. ಟೀಚರ್ ನನ್ನ ತಲೆ ಸವರಿ, ಮೂರನೇ ತರಗತಿಯಲ್ಲೇ ಇರು ಎಂದು, ಅಂದು ಬೇಗ ಮನೆಗೆ ಕಳಿಸಿದರು.

ಚಾಲೈ ಬೀದಿಯ ಮೂಟೆಗಳ ನಡುವೆ ನಡೆಯುವಾಗ ದೊಡ್ಡಪ್ಪ ನನ್ನನ್ನು ಹೊಗಳಲಿಲ್ಲ. ಬೀದಿಯಲ್ಲಿ ಯಾರು ನಕ್ಕರೂ ತಮ್ಮನ್ನೇ ನೋಡಿ ನಕ್ಕರೇನೋ ಎಂದು ತಿರುಗಿ ನೋಡುತ್ತಿದ್ದರು. ನಾಲ್ಕು ಜನರ ನಗುವಿಗೆ ನನಗಿಂತ ಹೆಚ್ಚು ಹೆದರುತ್ತಿದ್ದ ಆ ಮನುಷ್ಯನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಅಂದು ನಾನೇ ಅವರನ್ನು ಮನೆಗೆ ಕರೆದುಕೊಂಡು ಬಂದೆ.